ಮತಗಟ್ಟೆಗೆ ಬಾರದವರೆಲ್ಲ ಸೋಮಾರಿಗಳಲ್ಲ

2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಮತ ಹಾಕಿದವರು ಶೇ 53ರಷ್ಟು. ಅದೇ ದಿನ ಮಂಡ್ಯದಲ್ಲಿ ಮತದಾನ ಶೇ 81 ದಾಟಿತ್ತು. ಇಂಥ ಅಂಕಿ ಹೊರಬಿದ್ದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು ಕೇಳಿಬರುತ್ತದೆ: ಓದಿದವರಿಗೆ ಜವಾಬ್ದಾರಿಯಿಲ್ಲ, ರಜೆ ಸಿಕ್ಕರೆ ಸಾಕು ಹೋಂಸ್ಟೇ ಹುಡುಕಿಕೊಂಡು ಕೊಡಗಿಗೆ ಹೊರಡುತ್ತಾರೆ. ಇವರನ್ನು ಮತಗಟ್ಟೆಗೆ ಕರೆತರಲು ಜಾಥಾ ಹೊರಡುತ್ತದೆ, ಸಿನಿಮಾ ನಟರ ಮನವಿ ಬರುತ್ತದೆ, ಶಾಯಿ ಹಾಕಿದ ಬೆರಳು ತೋರಿಸಿದವರಿಗೆ ಹೋಟೆಲುಗಳು ಪುಕ್ಕಟೆ ದೋಸೆ ಕೊಡುತ್ತವೆ. ಮುಂದಿನ ಚುನಾವಣೆಯಲ್ಲೂ ಅಂಕಿ ಅಲ್ಲಲ್ಲೇ ಇರುತ್ತದೆ.

ಎಷ್ಟು ಮಂದಿ ಮತ ಹಾಕಿದರು ಎಂಬುದರಷ್ಟೇ ಮುಖ್ಯ ಪ್ರಶ್ನೆ ಇನ್ನೊಂದಿದೆ: ಹಾಕದೆ ಉಳಿದವರು ಯಾರು? ರಾಜ್ಯಶಾಸ್ತ್ರಜ್ಞ ಅರೆಂಡ್ ಲೈಪ್‌ಹಾರ್ಟ್ 1996ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಇದನ್ನೇ ಎತ್ತಿದ್ದರು. ಮತದಾನ ಕುಸಿದಾಗ ಎಲ್ಲ ವರ್ಗದವರೂ ಸಮನಾಗಿ ಕಡಿಮೆಯಾಗುವುದಿಲ್ಲ. ಮೊದಲು ಹೊರಗುಳಿಯುವವರು ಬಡವರು ಮತ್ತು ಓದು ಕಡಿಮೆ ಇರುವವರು, ಹೀಗಾಗಿ ಸರ್ಕಾರದ ಕಿವಿ ಉಳ್ಳವರ ಕಡೆಗೇ ವಾಲುತ್ತದೆ ಎಂಬುದು ಅವರ ವಾದ. ಇದಕ್ಕೆ ಪುರಾವೆ ಬೇಕಿದ್ದರೆ ಬ್ರೆಜಿಲ್ ಕಡೆ ನೋಡಬೇಕು. ಅಲ್ಲಿ ಅಕ್ಷರ ಬಾರದವರಿಗೆ ಮತದ ಹಕ್ಕು ಸಿಕ್ಕಿದ್ದೇ 1985ರಲ್ಲಿ. ಹಕ್ಕು ಸಿಕ್ಕರೂ ಅಭ್ಯರ್ಥಿಯ ಹೆಸರನ್ನೋ ಸಂಖ್ಯೆಯನ್ನೋ ಮತಪತ್ರದ ಮೇಲೆ ಕೈಯಾರೆ ಬರೆಯಬೇಕಿತ್ತು. ಬಡವರ ಮತಗಳು ರಾಶಿರಾಶಿಯಾಗಿ ಕುಲಗೆಟ್ಟವೆಂದು ತಿರಸ್ಕೃತವಾಗುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಅಭ್ಯರ್ಥಿಯ ಫೋಟೊ ತೋರಿಸುವ ಮತಯಂತ್ರ ಬಂತು. 1998ರಲ್ಲಿ 40,500ಕ್ಕಿಂತ ಹೆಚ್ಚು ಮತದಾರರಿದ್ದ ಪಟ್ಟಣಗಳಿಗೆ ಯಂತ್ರ, ಉಳಿದೆಡೆ ಕಾಗದ. ಈ ಗಡಿಯ ಆಚೀಚೆಯ ಊರುಗಳನ್ನು ಅರ್ಥಶಾಸ್ತ್ರಜ್ಞ ಥಾಮಸ್ ಫುಜಿವಾರಾ ಹೋಲಿಸಿ ನೋಡಿದರು. ಯಂತ್ರ ಬಂದಲ್ಲಿ ಓದು ಕಡಿಮೆ ಇದ್ದವರ ಮತ ಎಣಿಕೆಗೆ ಸೇರತೊಡಗಿತ್ತು. ಯಂತ್ರ ಬೇರೆಬೇರೆ ರಾಜ್ಯಗಳನ್ನು ತಲುಪಿದ ವೇಗವನ್ನು ಹಿಡಿದು ಅವರು ಮುಂದಿನ ಹೆಜ್ಜೆಯನ್ನೂ ಅಳೆದರು. ಆರೋಗ್ಯಕ್ಕೆ ಸರ್ಕಾರದ ಖರ್ಚು ಏರಿತ್ತು, ಓದು ಕಡಿಮೆ ಇದ್ದ ಬಸುರಿಯರು ತಪಾಸಣೆಗೆ ಹೆಚ್ಚಾಗಿ ಬರತೊಡಗಿದ್ದರು, ಅವರಿಗೆ ಕಡಿಮೆ ತೂಕದ ಶಿಶುಗಳು ಹುಟ್ಟುವುದು ತಗ್ಗಿತ್ತು. ಒಂದು ಮತ ಲೆಕ್ಕಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉತ್ತರ ನಾನು ಬೇರೆಲ್ಲೂ ಓದಿಲ್ಲ. ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲೇ ಚಿಹ್ನೆಗಳನ್ನು ತಂದು ಅಕ್ಷರದ ಅಡ್ಡಿಯನ್ನು ದಾಟಿದ್ದೆವು ಎಂಬುದನ್ನು ಇಲ್ಲಿ ನೆನೆಯಬೇಕು.

ಭಾರತದ ಮಟ್ಟಿಗೆ ಲೈಪ್‌ಹಾರ್ಟ್ ಹೇಳಿದ ಚಿತ್ರ ತಿರುವುಮುರುವಾಗಿದೆ. 1990ರ ದಶಕದಲ್ಲಿ ದಲಿತರು, ಹಿಂದುಳಿದವರು, ಮಹಿಳೆಯರು ಮತಗಟ್ಟೆಗೆ ನುಗ್ಗಿ ಬಂದದ್ದನ್ನು ಯೋಗೇಂದ್ರ ಯಾದವ್ ದಾಖಲಿಸಿದರು. ಬಡವರು ಯಾಕೆ ಮತ ಹಾಕುತ್ತಾರೆ ಎಂದು ಅಮಿತ್ ಅಹುಜಾ ಮತ್ತು ಪ್ರದೀಪ್ ಛಿಬ್ಬರ್ ಕೇಳಿದಾಗ ಸಿಕ್ಕ ಉತ್ತರದಲ್ಲಿ ಆಮಿಷಕ್ಕಿಂತ ಹಕ್ಕಿನ ಮಾತೇ ದೊಡ್ಡದಾಗಿತ್ತು. ಮತ ಹಾಕದಿದ್ದರೆ ಸರ್ಕಾರದ ಪಾಲಿಗೆ ತಾವು ಸತ್ತಂತೆಯೇ ಎಂಬ ಭಾವ ಅದು. ಮುಕುಲಿಕಾ ಬ್ಯಾನರ್ಜಿ ಅವರ ತಂಡ 2009ರ ಚುನಾವಣೆಯ ವೇಳೆ ದೇಶದ ಹಲವೆಡೆ ನಿಂತು ನೋಡಿತು. ಸಾಲಿನಲ್ಲಿ ಯಾರಿಗೂ ಮುಂದೆ ಜಾಗ ಬಿಡಬೇಕಿಲ್ಲ, ಅಧಿಕಾರಿ ಗೌರವದಿಂದ ಹೆಸರು ಕೇಳಿ ಬೆರಳಿಗೆ ಶಾಯಿ ಹಚ್ಚುತ್ತಾನೆ. ಉಳಿದ ದಿನಗಳಲ್ಲಿ ಕಚೇರಿಗಳ ಬಾಗಿಲಲ್ಲಿ ಗದರಿಸಿಕೊಳ್ಳುವವರಿಗೆ ಅದೊಂದು ದಿನ ಬಹಳ ದೊಡ್ಡದು.

ಹಾಗಾದರೆ ಇಲ್ಲಿನ ಅನುಕೂಲಸ್ಥರು ಯಾಕೆ ಹಿಂದೆ ಉಳಿಯುತ್ತಾರೆ? ಕಿಮುಲಿ ಕಸಾರಾ ಮತ್ತು ಪವಿತ್ರಾ ಸೂರ್ಯನಾರಾಯಣ್ 2015ರಲ್ಲಿ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಮ್ಮ ಮೇಲೆ ತೆರಿಗೆ ಬೀಳುವ ಭಯ ನಿಜವಾಗಿ ಇರುವ ಕಡೆ ಶ್ರೀಮಂತರು ತಪ್ಪದೆ ಮತ ಹಾಕುತ್ತಾರೆ. ತೆರಿಗೆ ವಸೂಲಿಗೆ ಸರ್ಕಾರಕ್ಕೆ ಬಲವಿಲ್ಲದ ಕಡೆ ಚುನಾವಣೆಯಿಂದ ಅವರಿಗೆ ಕಳೆದುಕೊಳ್ಳುವುದು ಕಡಿಮೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಮುಚ್ಚಯವೊಂದನ್ನು ನೆನೆಸಿಕೊಂಡರೆ ಇದಕ್ಕೆ ಇನ್ನೊಂದು ಎಳೆ ಸಿಗುತ್ತದೆ. ನೀರಿಗೆ ಕೊಳವೆಬಾವಿ ಮತ್ತು ಟ್ಯಾಂಕರ್, ಕರೆಂಟಿಗೆ ಜನರೇಟರ್, ಕಾವಲಿಗೆ ಸೆಕ್ಯೂರಿಟಿ, ಮಕ್ಕಳಿಗೆ ಖಾಸಗಿ ಶಾಲೆ. ಸರ್ಕಾರ ಕೆಟ್ಟರೂ ದಿನ ಸಾಗುತ್ತದೆ.

ಬಡವರೇ ಹೆಚ್ಚು ಮತ ಹಾಕುವ ದೇಶ ನಮ್ಮದು ಎಂಬುದು ಹೆಮ್ಮೆಯ ಸಂಗತಿ. ಆದರೆ ಅಷ್ಟಕ್ಕೇ ನಿಂತರೆ ನಾವು ಮೋಸಹೋಗುತ್ತೇವೆ. ರಾಜಕೀಯ ಪಾಲ್ಗೊಳ್ಳುವಿಕೆ ಮತಯಂತ್ರದ ಗುಂಡಿ ಒತ್ತುವುದರಲ್ಲೇ ಮುಗಿಯುವುದಿಲ್ಲ. ಅರ್ಜಿ ಬರೆಯುವುದು, ಅಧಿಕಾರಿಯ ಭೇಟಿ, ಹೈಕೋರ್ಟಿನಲ್ಲಿ ಪಿಐಎಲ್, ಪತ್ರಿಕೆಗೆ ಸುದ್ದಿ ಮುಟ್ಟಿಸುವುದು, ಪಕ್ಷಕ್ಕೆ ದೇಣಿಗೆ, ಇವೂ ಪಾಲ್ಗೊಳ್ಳುವಿಕೆಯೇ. ಸಿಡ್ನಿ ವರ್ಬಾ ಮತ್ತು ಸಂಗಡಿಗರು 1995ರಲ್ಲಿ ಅಮೆರಿಕದ ಬಗ್ಗೆ ತೋರಿಸಿಕೊಟ್ಟಂತೆ ಇವಕ್ಕೆ ಹಣ ಬೇಕು, ಬಿಡುವು ಬೇಕು, ನಾಲ್ಕು ಜನರೆದುರು ಮಾತಾಡುವ ರೂಢಿ ಬೇಕು. ಬೆಂಗಳೂರನ್ನೇ ನೋಡಿ: ನಗರ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ನಗರ ಆಡಳಿತಾಧಿಕಾರಿಗಳ ಕೈಯಲ್ಲೇ ಇತ್ತು. ಆ ಅವಧಿಯಲ್ಲಿ ನಿವಾಸಿಗಳ ಸಂಘಗಳಿಗೆ ಅಷ್ಟೇನೂ ತೊಂದರೆಯಾಗಲಿಲ್ಲ, ಅವರ ಬಳಿ ಆಯುಕ್ತರ ವಾಟ್ಸ್‌ಆ್ಯಪ್ ನಂಬರ್ ಇರುತ್ತದೆ. ಕೊಳೆಗೇರಿಯ ಹೆಣ್ಣುಮಗಳಿಗೆ ಮೋರಿ ಕಟ್ಟಿಕೊಂಡರೆ ಹಿಡಿದು ಕೇಳಲು ಇದ್ದವರು ಕಾರ್ಪೊರೇಟರ್ ಒಬ್ಬರೇ. ಆ ಕೊಂಡಿಯೇ ಕಳಚಿಹೋಯಿತು. ಸ್ಥಳೀಯ ಚುನಾವಣೆ ಮುಂದೂಡುವುದರಿಂದ ಎಲ್ಲರಿಗೂ ಸಮನಾಗಿ ನಷ್ಟ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು, ಮತಗಟ್ಟೆಗೆ ಬಾರದವರಲ್ಲಿ ನಮ್ಮ ಟೀಕೆಗೂ ಕರುಣೆಗೂ ಸಿಗದ ಒಂದು ದೊಡ್ಡ ವರ್ಗವಿದೆ: ಗುಳೆ ಬಂದವರು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವ ಕುಟುಂಬ ತಗಡಿನ ಶೆಡ್ಡಿನಲ್ಲಿರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಊರಿನದು. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ವಾಸಿಸುವ ಕಡೆ ಹೆಸರು ಸೇರಿಸಿಕೊಳ್ಳುವ ಹಕ್ಕು ಅವರಿಗಿದೆ. ಆದರೆ ಅದಕ್ಕೆ ಸಲ್ಲಿಸುವ ನಮೂನೆ 8ರ ಜೊತೆ ಹೊಸ ವಿಳಾಸದ ದಾಖಲೆ ಲಗತ್ತಿಸಬೇಕು. ಶೆಡ್ಡಿಗೆ ಕರೆಂಟ್ ಬಿಲ್ ಎಲ್ಲಿಂದ ತರುವುದು, ಬಾಡಿಗೆ ಕರಾರು ಯಾರು ಬರೆದುಕೊಡುವುದು? ಒಂದು ಕಟ್ಟಡ ಮುಗಿದರೆ ಮೇಸ್ತ್ರಿ ಇನ್ನೊಂದು ಕಡೆ ಕರೆದೊಯ್ಯುತ್ತಾನೆ. ಊರಿಗೇ ಹೋಗಿ ಮತ ಹಾಕೋಣವೆಂದರೆ ಗಂಡಹೆಂಡಿರಿಬ್ಬರ ಎರಡು ಮೂರು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಮತದಾನದ ದಿನ ವೇತನಸಹಿತ ರಜೆ ಕೊಡಬೇಕೆಂದು ಕಾನೂನು ದಿನಗೂಲಿಯವರಿಗೂ ಹೇಳುತ್ತದೆ. ಆ ಒಂದು ದಿನದಲ್ಲಿ ಯಾದಗಿರಿಗೆ ಹೋಗಿಬರಲಾದೀತೇ? ಉಳಿಯುವುದು ಅಭ್ಯರ್ಥಿ ಕಳಿಸುವ ಬಸ್ಸು. ಅದನ್ನು ಕಾನೂನು ಚುನಾವಣಾ ಭ್ರಷ್ಟಾಚಾರ ಎನ್ನುತ್ತದೆ.

ಬಿಹಾರದಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಚುನಾವಣೆ ಇದೇ ಕಥೆಯನ್ನು ದೊಡ್ಡದಾಗಿ ಹೇಳಿತು. ಮಹಿಳೆಯರಲ್ಲಿ ಶೇ 71ಕ್ಕೂ ಹೆಚ್ಚು ಮಂದಿ ಮತ ಹಾಕಿದರು, ಪುರುಷರಲ್ಲಿ ಸುಮಾರು ಶೇ 63. ಮಹಿಳೆಯರು ಹುರುಪಿನಿಂದ ಬಂದದ್ದು ನಿಜ. ಆದರೆ ಈ ಅಂತರದ ಒಂದು ಭಾಗ ಸೂರತ್, ದೆಹಲಿ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದ ಗಂಡಸರ ಗೈರುಹಾಜರಿ. ಅದಕ್ಕೂ ಮೊದಲು ಅಲ್ಲಿನ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದು ಕರಡಿನಿಂದ 65 ಲಕ್ಷ ಹೆಸರು ಹೋಗಿದ್ದವು. ಕಾಯಂ ಆಗಿ ಊರು ಬಿಟ್ಟವರು ಅಥವಾ ಸಿಗದವರು ಎಂದು ಗುರುತಿಸಿದ್ದು ಅದರಲ್ಲಿ ಅರ್ಧಕ್ಕೂ ಹೆಚ್ಚು. ಸತ್ತವರ ಹೆಸರು ತೆಗೆಯಬೇಕು, ಸರಿ. ದುಡಿಯಲು ಹೋದವನ ಹೆಸರು ಊರಿನಲ್ಲಿ ಹೋಗಿ, ದುಡಿಯುವಲ್ಲಿ ಸೇರದೇ ಹೋದರೆ ಆತ ಮತದಾನದ ಲೆಕ್ಕದಿಂದಲೇ ಮಾಯವಾಗುತ್ತಾನೆ. ಶೇಕಡಾವಾರು ಎಷ್ಟೇ ಏರಲಿ, ಅದರಲ್ಲಿ ಅವನ ಸುಳಿವಿರುವುದಿಲ್ಲ.

ಕಡ್ಡಾಯ ಮತದಾನವೇ ಮದ್ದು ಎನ್ನುವವರಿದ್ದಾರೆ. ಆಸ್ಟ್ರೇಲಿಯಾ 1924ರಲ್ಲಿ ಅದನ್ನು ತಂದ ಮೇಲೆ ಶೇ 60ಕ್ಕಿಂತ ಕಡಿಮೆಯಿದ್ದ ಮತದಾನ ಮರುವರ್ಷವೇ ಶೇ 91 ದಾಟಿತು. ನಮ್ಮ ಸ್ಥಿತಿಯಲ್ಲಿ ಅದರ ದಂಡ ಮೊದಲು ಬೀಳುವುದು ಶೆಡ್ಡಿನಲ್ಲಿರುವವರ ಮೇಲೆ. ಕಾನೂನು ಆಯೋಗ 2015ರಲ್ಲಿ ಅದು ಬೇಡವೆಂದದ್ದು ಸರಿಯಾಗಿತ್ತು.

ಕೆಲಸ ಮಾಡುವ ದಾರಿ ಬೇರೆ ಇದೆ. ನಿಖರ್ ಗಾಯಕ್ವಾಡ್ ಮತ್ತು ಗರೆತ್ ನೆಲ್ಲಿಸ್ ದೆಹಲಿ, ಲಖನೌಗಳಲ್ಲಿ ವಲಸಿಗರ ಮನೆಬಾಗಿಲಿಗೆ ಜನ ಕಳಿಸಿ ನೋಂದಣಿಗೆ ಕೈಜೋಡಿಸುವ ಪ್ರಯೋಗ ಮಾಡಿದರು. ಊರಿನ ನಂಟು ಎಷ್ಟು ಗಟ್ಟಿ ಎಂಬುದಕ್ಕೂ ನಗರದಲ್ಲಿ ಹೆಸರು ಸೇರಿಸುವ ಇಚ್ಛೆಗೂ ಸಂಬಂಧ ಕಾಣಲಿಲ್ಲ. ಅಡ್ಡಿಯಿದ್ದದ್ದು ಕಾಗದಪತ್ರದಲ್ಲಿ. ನೆರವು ಸಿಕ್ಕವರ ನೋಂದಣಿ 24 ಶೇಕಡಾವಾರು ಅಂಶ ಏರಿತು, ಮುಂದಿನ ಚುನಾವಣೆಯ ಮತದಾನ 20 ಅಂಶ. ಹೊಸ ಮತದಾರರು ಬಂದಿದ್ದಾರೆಂದು ಕೆಲವು ಬಡಾವಣೆಗಳ ರಾಜಕಾರಣಿಗಳಿಗೆ ತಿಳಿಸಿದಾಗ ಅವರು ಅಲ್ಲಿ ಪ್ರಚಾರ ಜೋರು ಮಾಡಿದರು.

ಬೇರೆ ಕ್ಷೇತ್ರದಲ್ಲಿದ್ದೇ ಊರಿನ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಒಂದು ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಹಾಕಬಹುದಿತ್ತು. ಪಕ್ಷಗಳ ಆಕ್ಷೇಪದ ನಡುವೆ ಅದು ಮೂಲೆ ಸೇರಿತು. ಅದು ಬರುವ ತನಕ ಕಾಯಬೇಕಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೂಲಿಗಳನ್ನು ನೋಂದಾಯಿಸಿಕೊಂಡು ಗುರುತಿನ ಚೀಟಿ ಕೊಡುತ್ತದೆ. ಆ ಚೀಟಿಯನ್ನೂ ಬಿಲ್ಡರ್ ಕೊಡುವ ಪತ್ರವನ್ನೂ ವಿಳಾಸದ ದಾಖಲೆಯಾಗಿ ಒಪ್ಪಲಿ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನೋಂದಣಿ ಶಿಬಿರ ಹಾಕುವ ಅಧಿಕಾರಿಗಳು ಭಾನುವಾರ ಬಟವಾಡೆಯ ಹೊತ್ತಿಗೆ ಅದೇ ಅಪಾರ್ಟ್‌ಮೆಂಟ್ ಕಟ್ಟುತ್ತಿರುವವರ ಶೆಡ್ಡುಗಳಿಗೂ ನಮೂನೆ 8 ಹಿಡಿದು ಹೋಗಲಿ. ಮತ ಊರಲ್ಲಿರಬೇಕೋ ಇಲ್ಲಿರಬೇಕೋ ಎಂಬುದನ್ನು ಅಲ್ಲಿ ವಾಸಿಸುವವರೇ ತೀರ್ಮಾನಿಸಲಿ.