ಹಳೇ ಕಪಾಟು ಗುಜರಿಗಲ್ಲ



ಹೋದ ವಾರ ನಮ್ಮ ಮನೆ ಮುಂದೆ ಗುಜರಿ ಗಾಡಿ ನಿಂತಿತ್ತು. ಮುತ್ಯಾನ ಕಾಲದ ಸಾಗವಾನಿ ಕಪಾಟು ಕೊಟ್ಟುಬಿಡಬೇಕೆಂದು ಅಪ್ಪನ ವಿಚಾರ. "ಭಾಳ ಜಡ ಐತಿ, ಬಾಗಿಲಾನೂ ಬೀಳಾಕತ್ತೈತಿ. ಹುಬ್ಬಳ್ಳಿಯಿಂದ ಹೊಸಾದು ತರೋಣು" ಎಂದರು. ಆಯಿ ಮಾತಾಡಲಿಲ್ಲ. ಕಪಾಟಿಗೆ ಆತು ನಿಂತುಬಿಟ್ಟಳು. ಅವಳ ಮದುವೆಯ ಇಳಕಲ್ ಸೀರೆ, ಹೊಲದ ಕಾಗದ, ನನ್ನ ಅಂಕಪಟ್ಟಿ ಎಲ್ಲಾ ಅದರ ಖಣದಲ್ಲೇ ಇವೆ.

ಸಣ್ಣ ಮನೆಗೆ ಅದು ದೊಡ್ಡದು, ಅಪ್ಪನ ಮಾತು ಸುಳ್ಳಲ್ಲ. ಆದರೆ ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹೊಸ ಪಾರ್ಟಿಕಲ್ ಬೋರ್ಡು ಕಟ್ಟಿಗೆಯ ಪುಡಿಗೆ ಅಂಟು ಬೆರೆಸಿ ಒತ್ತಿದ್ದು. ನೀರು ತಾಗಿದರೆ ಉಬ್ಬುತ್ತದೆ.

1950ರ ದಶಕದಲ್ಲಿ ಚಂಡೀಗಡದ ಸರಕಾರಿ ಕಚೇರಿಗಳಿಗೆ ಪಿಯರ್ ಜೆನೆರೆ ಮತ್ತು ಸಂಗಡಿಗರು ಸಾಗವಾನಿ ಕುರ್ಚಿ, ಕಪಾಟು ಮಾಡಿಸಿದ್ದರು. ಹಳೇವಾದವೆಂದು ಎಷ್ಟೋ ಗುಜರಿ ದರಕ್ಕೆ ಹೋದವು. ಅವೇ ಪರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದವು! 2011ರಲ್ಲಿ ಕೇಂದ್ರ ಸರಕಾರ ಅವನ್ನು ಮಾರಬಾರದೆಂದು ಆದೇಶಿಸಿತು.

ನಮ್ಮ ಕಪಾಟಿಗೆ ಲಕ್ಷ ಬರುತ್ತದೆಂದು ನಾನು ಹೇಳುವುದಿಲ್ಲ. ಪಕ್ಕದ ಮನೆಯ ಬಡಿಗೇರ ಕಾಕಾ ಬಂದು ನೋಡಿ, "ಬಿಜಾಗರಿ ಅಷ್ಟ ಹೋಗ್ಯಾವು, ಕಟ್ಟಿಗಿ ಕಲ್ಲಿನಂಗ ಐತಿ" ಎಂದರು. ಎರಡು ಬಿಜಾಗರಿ ಹಾಕಿದ ಮೇಲೆ ಬಾಗಿಲು ಸರಿಯಾಯಿತು. ಗಾಡಿ ಖಾಲಿ ಹೋಯಿತು.

ಆದ್ದರಿಂದ ಮಿತ್ರರೇ, ಹಳೇದನ್ನು ಮಾರುವ ಮೊದಲು ಬಡಿಗೇರರಿಗೊಮ್ಮೆ ತೋರಿಸಿರಿ, ಮನೆಯ ಹಿರಿಯರನ್ನೊಮ್ಮೆ ಕೇಳಿರಿ. ನಮ್ಮ ಶಾಲೆಯ ಪುಸ್ತಕದ ಕಪಾಟಿನ ಬಾಗಿಲೂ ಸಡಿಲಾಗಿದೆ. ಅದನ್ನೂ ರಿಪೇರಿ ಮಾಡಿಸೋಣವೇ, ಗುರುಗಳೇ?

– 9ನೇ ತರಗತಿಯ ವಿದ್ಯಾರ್ಥಿನಿ