ಶಾಲೆಗೆ ಕೊಡತಕ್ಕದ್ದು ಯಾಕೆ?

ಮಕ್ಕಳ ಶುಲ್ಕವನ್ನು ಸಲ್ಲಿಸಿದ ಮೇಲೆ ಶಾಲೆಗೆ ಮತ್ತೇನನ್ನು ಕೊಡತಕ್ಕದ್ದೆಂದು ಕೆಲವರು ಕೇಳುವರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಶುಲ್ಕವು ಈ ವರುಷದ ಪಾಠಕ್ಕೆ ಸಲ್ಲುವದು. ನಾವು ಕುಳಿತು ಕಲಿತ ಕೊಠಡಿಗಳನ್ನು ನಾವು ಕಟ್ಟಿಸಲಿಲ್ಲ, ಹಿಂದಿನವರು ಕಟ್ಟಿಸಿದರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಬೇರೊಂದು ಶಾಲೆಯನ್ನೂ ಸ್ಥಾಪಿಸಿದರು. ಫಲವು ಕಣ್ಣಿಗೆ ಬೀಳುವ ಮೊದಲೇ ದುಡಿದವರಿಂದಲೇ ಅಂಥ ಶಾಲೆಗಳು ನೆಲೆನಿಂತವು.

ವೆಚ್ಚವೆಲ್ಲವನ್ನು ಶುಲ್ಕದ ಮೇಲೆಯೇ ಹೊರಿಸಿದರೆ ಮೊದಲು ಶಾಲೆ ಬಿಡುವವಳು ಬಡವರ ಮಗಳು. ಅಣ್ಣತಮ್ಮಂದಿರ ಶುಲ್ಕವನ್ನು ಕಟ್ಟಿದ ಮೇಲಲ್ಲವೇ ಅನೇಕ ಮನೆಗಳಲ್ಲಿ ಅವಳ ಸರದಿ ಬರುವದು?

ಆದರೆ ಸೀಟಿಗಾಗಿ ಕೊಟ್ಟದ್ದು ದಾನವಲ್ಲ, ಕ್ರಯ. ಪ್ರವೇಶಕ್ಕೆ ಪ್ರತಿಯಾಗಿ ಕ್ಯಾಪಿಟೇಶನ್ ಹಣ ತೆಗೆದುಕೊಳ್ಳುವದನ್ನು ಕರ್ನಾಟಕದ 1984ರ ಕಾಯಿದೆಯು ನಿಷೇಧಿಸಿದೆ. ಆದುದರಿಂದ ನಮ್ಮ ಮಗಳ ಪ್ರವೇಶಕ್ಕಾಗಿ ಅಲ್ಲ, ಅನ್ಯರ ಮಗಳ ವಿದ್ಯೆಗಾಗಿ ಕೊಡೋಣ. ಆಡಳಿತದವರೂ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ದಾನಿಗಳ ಮುಂದೆ ಇಡತಕ್ಕದ್ದು. ಲೆಕ್ಕವು ಶುದ್ಧವಾಗಿದ್ದಲ್ಲಿ ಕೈಗಳು ತಾವಾಗಿ ಮುಂದೆ ಬರುವವು.

ಹನಿಗೂಡಿದರೆ ಹಳ್ಳ. ಪೂರ್ವವಿದ್ಯಾರ್ಥಿನಿಯರೂ ತಾಯಿತಂದೆಗಳೂ ಒಮ್ಮೆ ಬಹಳವಾಗಿ ಕೊಟ್ಟು ಮರೆಯುವದಕ್ಕಿಂತ ವರುಷವರುಷವೂ ಯಥಾಶಕ್ತಿ ಕೊಡಬೇಕೆಂದು ನಮ್ಮ ವಿಜ್ಞಾಪನೆ.