ಕಡಲ್ಗಳ್ಳರ ಆಟವೂ ಕವಡೆಯ ಲೆಕ್ಕವೂ

ಸಣ್ಣ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಗೋಲಿನಿಂದ ನಡೆಯನ್ನು ಅಳೆದು ಆಡುವ ಕಾಳಗದ ಆಟವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವೈಜ್ಞಾನಿಕ ಕಾದಂಬರಿಗಳಿಂದ ಪ್ರಸಿದ್ಧನಾದ ಎಚ್. ಜಿ. ವೆಲ್ಸನು 1913ರಲ್ಲಿ ಅಂತಹ ಆಟದ ನಿಯಮಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಇದು ಉಳ್ಳವರ ವಿನೋದವೆಂದು ನಾವು ಕಡೆಗಣಿಸಬೇಕಾಗಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಇಂತಹದೊಂದು ಆಟವನ್ನು ರಚಿಸಬೇಕೆಂಬುದು ನಮ್ಮ ಅಭಿಪ್ರಾಯ. ಆಡುವುದರಲ್ಲಿ ಸಂತೋಷವಿದೆ, ರಚಿಸುವುದರಲ್ಲಿ ವಿದ್ಯೆಯಿದೆ.

ಕಥಾವಸ್ತುವಿಗಾಗಿ ದೂರದ ಕೆರಿಬಿಯನ್ ಕಡಲಿಗೆ ಹೋಗುವ ಅಗತ್ಯವಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರದಲ್ಲಿದ್ದ ನೌಕಾನಾಯಕನೊಬ್ಬನನ್ನು ಪೋರ್ಚುಗೀಸರು ತಿಮೋಜನೆಂದು ಕರೆದರು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಮುತ್ತಿದಾಗ ಅವನಿಗೆ ನೆರವಾದವನು ಈತನೇ. ಕಳ್ಳರ ಆಟವನ್ನು ಮಕ್ಕಳಿಗೆ ಕಲಿಸುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಒಬ್ಬರ ಕಡಲ್ಗಳ್ಳನು ಇನ್ನೊಬ್ಬರಿಗೆ ದಳಪತಿ. ಪಕ್ಷ ಬದಲಿಸಿಕೊಂಡು ಆಡಿದವರಿಗೆ ಈ ಸತ್ಯವು ತಾನಾಗಿ ತಿಳಿಯುತ್ತದೆ. ಚಿಕ್ಕ ತಂಡಕ್ಕೂ ದೊಡ್ಡ ತಂಡಕ್ಕೂ ನಡೆಯುವ ಕಾಳಗವೂ ನಮಗೆ ಹೊಸದಲ್ಲ. ಕೆಲವೇ ಹುಲಿಗಳನ್ನು ಹಲವು ಕುರಿಗಳಿಗೆ ಎದುರಾಗಿ ನಿಲ್ಲಿಸಿದ ಹುಲಿ-ಕುರಿ ಆಟವು ನಮ್ಮ ಹಿರಿಯರದೇ.

ಹಡಗಿನ ನಡೆಗೆ ಗಾಳಿಯೇ ನಿಯಮವಾಗಲಿ. ಕರಾವಳಿಯಲ್ಲಿ ಹಗಲು ನೆಲವು ನೀರಿಗಿಂತ ಬೇಗ ಕಾಯುವುದರಿಂದ ಗಾಳಿಯು ಕಡಲಿನಿಂದ ದಡದತ್ತ ಬೀಸುತ್ತದೆ. ಇರುಳು ಇದು ತಿರುಗುಮುರುಗು. ಹಗಲಿನ ಸರದಿಯಲ್ಲಿ ದಡದತ್ತ ಸಾಗುವ ಹಡಗಿಗೆ ಒಂದು ಗೇಣು, ಎದುರು ಸಾಗುವುದಕ್ಕೆ ಎರಡು ಬೆರಳು ಎಂದರೆ ಸಾಕು, ಭೂಗೋಳದ ಪಾಠವೊಂದು ಮೇಜಿನ ಮೇಲೆ ನಡೆದಂತಾಯಿತು.

ಆದರೆ ಆಟದ ಜೀವವಿರುವುದು ಕವಡೆಯ ಲೆಕ್ಕದಲ್ಲಿ. ಪ್ರತಿಯೊಂದು ಕವಡೆಯೂ ಅಂಗಾತ ಬೀಳುವ ಮತ್ತು ಬೋರಲು ಬೀಳುವ ಸಂಭವವು ಸಮನಾಗಿದ್ದರೆ, ಐದು ಕವಡೆಗಳು ಬೀಳಬಹುದಾದ ಬಗೆಗಳು 32. ಮೂರು ಅಥವಾ ಹೆಚ್ಚು ಅಂಗಾತವಾಗುವ ಬಗೆಗಳು 16. ನಾಲ್ಕು ಅಥವಾ ಹೆಚ್ಚು ಅಂಗಾತವಾಗುವವು 6. ಐದೂ ಅಂಗಾತವಾಗುವುದು 1. ಮರೆಯಿಲ್ಲದೆ ನಿಂತ ವೈರಿಯನ್ನು ಹೊಡೆಯಲು ಮೂರು, ಹಾಯಿಕಂಬದ ಮರೆಯಲ್ಲಿರುವವನನ್ನು ಹೊಡೆಯಲು ನಾಲ್ಕು ಬೇಕೆಂದು ವಿಧಿಸಿದರೆ, ಗೆಲುವಿನ ಸಂಭವವು ನೂರಕ್ಕೆ 50ರಿಂದ ಸುಮಾರು 19ಕ್ಕೆ ಇಳಿಯುತ್ತದೆ. ಆರು ಮುಖದ ದಾಳದಲ್ಲಿ ಕನಿಷ್ಠ ನಾಲ್ಕರ ಬದಲು ಕನಿಷ್ಠ ಐದು ಬೇಕೆಂದರೆ ಅದು ಸುಮಾರು 33ಕ್ಕೆ ಮಾತ್ರ ಇಳಿಯುತ್ತದೆ. ‘ಒಂದು ಹೆಚ್ಚು’ ಎಂಬ ಒಂದೇ ಮಾತಿಗೆ ಎರಡು ತೂಕ!

ಕವಡೆಯು ನಿಷ್ಪಕ್ಷಪಾತಿಯೆಂದು ನಂಬುವುದೂ ಸಲ್ಲದು. ಒಂದೊಂದೂ ನೂರಕ್ಕೆ 60ರಂತೆ ಅಂಗಾತ ಬೀಳುವ ಐದು ಕವಡೆಗಳಾದರೆ, ಮೂರು ಅಥವಾ ಹೆಚ್ಚು ಅಂಗಾತವಾಗುವ ಸಂಭವವು 50ರಿಂದ 68ಕ್ಕೆ ಏರುತ್ತದೆ. ಆದುದರಿಂದ ಪ್ರತಿಯೊಂದು ಕವಡೆಯನ್ನೂ 200 ಸಲ ಎಸೆದು ಬರೆದಿಡಬೇಕು. 100ರಿಂದ ಏಳೆಂಟು ಅತ್ತಿತ್ತಾದರೆ ಅದು ಸಹಜ. ಹದಿನಾಲ್ಕನ್ನು ಮೀರಿದರೆ ಸಂಶಯಪಡಬೇಕು.

ಇದು ಬರಿಯ ಆಟದ ಮಾತಲ್ಲ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರಲ್ಲಿ ಒಪ್ಪಿಗೆಯಿತ್ತಿತು. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ‘ಈ ಸಲ ಸೋತೆ, ಮುಂದಿನ ಸಲ ಗೆಲ್ಲಲೇಬೇಕು’ ಎಂಬ ಭ್ರಮೆಯನ್ನು ಮುಚ್ಚಲಾರದು. ಹಿಂದೆ ಹೇಗೆ ಬಿದ್ದಿತೆಂಬುದನ್ನು ಕವಡೆಯು ನೆನಪಿಡುವುದಿಲ್ಲ. ನಿಯಮವನ್ನು ತಾನೇ ರಚಿಸಿ, ಸಂಭವವನ್ನು ತಾನೇ ಎಣಿಸಿದ ಹುಡುಗನು, ಇನ್ನೊಬ್ಬರು ರಚಿಸಿದ ಆಟದಲ್ಲಿ ತನಗಿರುವ ಪಾಲೆಷ್ಟೆಂದು ಕೇಳದೆ ಇರಲಾರನು.

ಖರ್ಚೇನೂ ಹೆಚ್ಚಿಲ್ಲ. ಜೇಡಿಮಣ್ಣಿನ ಗೊಂಬೆ, ಒಂದು ಅಳತೆಗೋಲು, ಐದು ಕವಡೆ. ಕವಡೆಯಿಲ್ಲದಿದ್ದರೆ ಸೀಳಿದ ಹುಣಸೆಬೀಜವಾದರೂ ಆದೀತು. ಕಡಲು ಕಾಣದ ಊರಾದರೇನು? ಚನ್ನಗಿರಿಯವರಿಗೆ ಶಾಂತಿಸಾಗರವಿದೆ, ಹೊನ್ನಾಳಿಯವರಿಗೆ ತುಂಗಭದ್ರೆಯಿದೆ. ಜಗಳೂರಿನ ಬಯಲಿನಲ್ಲಿ ಗಾಳಿಗೇನೂ ಬರವಿಲ್ಲ. ಗಣಿತದ ಉಪಾಧ್ಯಾಯರು ವಾರಕ್ಕೊಂದು ಗಂಟೆಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಸಾಕು.